ನಗರದ ಬಡವರು, ಚರ್ಚಿನ ಸೇವೆ ಮತ್ತು ನಮ್ಮ ಝಕಾತ್

ಭತ್ತದ ಕೊಯ್ಲು ಮುಗಿದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ನಿಂತಿತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಹಳ್ಳಿಗಳಲ್ಲಿ ಗುಳೆ ಆರಂಭವಾಗುತ್ತದೆ. ಕಾಲುವೆಯ ಕೆಳಭಾಗದ ರೈತರಿಗೆ ಎರಡನೇ ಬೆಳೆಯ ನೀರು ತಲುಪುವುದೇ ಅಪರೂಪ. ಮಳೆಯನ್ನೇ ನಂಬಿದ ಹೊಲದವರ ಪಾಡು ಇನ್ನೂ ಕಷ್ಟ. ರಾತ್ರಿ ಬಸ್ಸಿನ ಮೇಲೆ ಪಾತ್ರೆ, ಹಾಸಿಗೆ, ಜೋಳದ ಚೀಲ ಕಟ್ಟಿಕೊಂಡು ಕುಟುಂಬಗಳೇ ಬೆಂಗಳೂರಿಗೆ ಹೊರಡುತ್ತವೆ. ಸಾಲಗುಂದದಲ್ಲಿ ಮಕ್ಕಳಿಗೆ ಪಾಠ ಹೇಳುವ ನನಗೆ ಇದು ಮೊದಲು ಕಾಣುವುದು ಹಾಜರಿ ಪುಸ್ತಕದಲ್ಲಿ. ನಿನ್ನೆಯವರೆಗೆ ಮುಂದಿನ ಸಾಲಿನಲ್ಲಿ ಕೂತು ಕಾಯಿದೆ ಓದುತ್ತಿದ್ದ ಮಗು ಇಂದು ಬಂದಿರುವುದಿಲ್ಲ. ವಿಚಾರಿಸಿದರೆ ಸಿಗುವುದು ಒಂದೇ ಉತ್ತರ: "ದುಡಿಯಾಕ ಹೋಗ್ಯಾರ್ರೀ."

ಆದುದರಿಂದ ನಗರದ ಬಡತನ ಎಂಬ ಮಾತು ನಮಗೆ ದೂರದ್ದಲ್ಲ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಪಕ್ಕದಲ್ಲಿ ತಗಡಿನ ಶೆಡ್ಡುಗಳಲ್ಲಿ ಮಲಗುವವರು ನಮ್ಮ ಓಣಿಯವರೇ. ಅವರಲ್ಲಿ ಎಲ್ಲ ಜಾತಿ ಮತಗಳವರಿದ್ದಾರೆ, ನಮ್ಮ ಜಮಾಅತಿನವರೂ ಇದ್ದಾರೆ. ಊರಿನಲ್ಲಿದ್ದಾಗ ಕಷ್ಟಕಾಲಕ್ಕೆ ಒಬ್ಬ ನೆರೆಯವನಾದರೂ ಬಾಗಿಲಿಗೆ ಬರುತ್ತಾನೆ. ಗುರುತು ಪರಿಚಯವಿಲ್ಲದ ಆ ಮಹಾನಗರದಲ್ಲಿ ಅವರ ಪಕ್ಕದಲ್ಲಿ ನಿಲ್ಲುವವರು ಯಾರು?

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಓದುತ್ತಿದ್ದ ಹುಡುಗನೊಬ್ಬನ ತಂದೆ ಅಲ್ಲಿ ಗಾರೆ ಕೆಲಸ ಮಾಡುವಾಗ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಕರೆದೊಯ್ದಿದ್ದ ಮೇಸ್ತ್ರಿ ಒಂದಿಷ್ಟು ಹಣ ಕೊಟ್ಟು ಕಣ್ಮರೆಯಾದ. ಜೊತೆಯವರು ಅವರನ್ನು ಕ್ರೈಸ್ತ ಸಂಸ್ಥೆಯೊಂದು ನಡೆಸುವ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಕನ್ಯಾಸ್ತ್ರೀಯೊಬ್ಬರು ಅವರ ಪತ್ನಿಯನ್ನು ಕೂರಿಸಿಕೊಂಡು ಊರು, ಆದಾಯ, ಮಕ್ಕಳ ಸಂಖ್ಯೆ ಎಲ್ಲವನ್ನೂ ಬರೆದುಕೊಂಡರು, ಬಿಲ್ಲಿನ ದೊಡ್ಡ ಪಾಲನ್ನು ಕಡಿಮೆ ಮಾಡಿಸಿದರು. ಇಷ್ಟೇ ಆಗಿದ್ದರೆ ಆ ತಾಯಿ ಅದನ್ನು ಒಂದು ಉಪಕಾರವೆಂದು ನೆನೆದು ಸುಮ್ಮನಾಗುತ್ತಿದ್ದರೇನೋ. ಆದರೆ ಊರಿಗೆ ಮರಳಿದ ಒಂದು ತಿಂಗಳ ನಂತರ ಆ ಕನ್ಯಾಸ್ತ್ರೀ ಫೋನ್ ಮಾಡಿ, "ನಡೆಯಲು ಆಗುತ್ತಿದೆಯೇ, ಮಾತ್ರೆ ಮುಗಿದಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ" ಎಂದು ವಿಚಾರಿಸಿದರಂತೆ. ಎರಡು ತಿಂಗಳ ನಂತರ ಮತ್ತೊಮ್ಮೆ.

ಆ ತಾಯಿ ನನ್ನ ಬಳಿ ಬಂದು ಕೇಳಿದ ಪ್ರಶ್ನೆ ಇದು: "ಉಸ್ತಾದರೇ, ಓಣಿಯ ಕೆಲವರು ಅವರ ಹಣದಲ್ಲಿ ಗುಣವಾಗಿದ್ದು ಸರಿಯಲ್ಲ ಅಂತಾರೆ. ಅವರ ಸಹಾಯ ತಗೊಂಡದ್ದು ತಪ್ಪೇನ್ರೀ?"

ಧರ್ಮದ ಮಟ್ಟಿಗೆ ಉತ್ತರ ಕಷ್ಟದ್ದಲ್ಲ. ಹಿಜ್ರತಿನ ಅಪಾಯಕಾರಿ ದಾರಿಯಲ್ಲಿ ಪ್ರವಾದಿ ಮುಹಮ್ಮದ್(ಸ)ರಿಗೆ ದಾರಿ ತೋರಿಸಿದ ಅಬ್ದುಲ್ಲಾಹ್ ಬಿನ್ ಉರೈಕಿತ್ ಆಗ ಮುಸ್ಲಿಮರಾಗಿರಲಿಲ್ಲ. ಮಕ್ಕಾದ ಹಿಂಸೆ ತಾಳಲಾರದೆ ಹೊರಟ ಮೊದಲ ಸತ್ಯವಿಶ್ವಾಸಿಗಳಿಗೆ ಆಶ್ರಯ ಕೊಟ್ಟದ್ದು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ. ಸತ್ಯವಿಶ್ವಾಸಿಗಳೊಂದಿಗಿನ ಸ್ನೇಹದಲ್ಲಿ ಹೆಚ್ಚು ಹತ್ತಿರದವರು ತಮ್ಮನ್ನು ಕ್ರೈಸ್ತರೆಂದು ಹೇಳಿಕೊಳ್ಳುವವರು ಎಂದು ಪವಿತ್ರ ಕುರ್‌ಆನಿನ ಅಲ್ ಮಾಇದ ಅಧ್ಯಾಯ (5:82) ಹೇಳುತ್ತದೆ. ಅವರಲ್ಲಿ ವಿದ್ವಾಂಸರೂ ವಿರಕ್ತರೂ ಇದ್ದಾರೆ, ಅವರು ಅಹಂಕಾರ ಪಡುವವರಲ್ಲ ಎಂಬ ಕಾರಣವನ್ನೂ ಅದು ಕೊಡುತ್ತದೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಚಿಕಿತ್ಸೆಗೆ ಪ್ರತಿಯಾಗಿ ಅವರು ವಿಶ್ವಾಸವನ್ನು ಕೇಳಿದ್ದರೆ ಮಾತು ಬೇರೆ. ಅವರು ಕೇಳಿದ್ದು ಮಾತ್ರೆ ಮುಗಿದಿದೆಯೇ ಎಂದು. ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಅಮ್ಮಾ, ಅವರಿಗಾಗಿ ದುಆ ಮಾಡಿರಿ."

ಆದರೆ ಅವರ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿತ್ತು. ಅದನ್ನು ಅವರು ಕೇಳಲಿಲ್ಲ, ನಾವೇ ಕೇಳಿಕೊಳ್ಳಬೇಕು. ಸರಿಯಲ್ಲ ಎಂದವರು ಆ ಎರಡು ತಿಂಗಳಲ್ಲಿ ಆ ಮನೆಯ ಬಾಗಿಲಿಗೆ ಎಷ್ಟು ಸಲ ಹೋಗಿದ್ದರು?

ಕ್ರೈಸ್ತ ಚರ್ಚುಗಳ ಸೇವೆ ನಮ್ಮ ನಾಡಿಗೆ ಹೊಸದಲ್ಲ. ನಮ್ಮದೇ ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ 16ನೇ ಶತಮಾನದಷ್ಟು ಹಳೆಯ ಕ್ಯಾಥೊಲಿಕ್ ಚರ್ಚ್ ಇದೆ. ಆದಿಲ್‌ಶಾಹಿಗಳ ಆಳ್ವಿಕೆಯ ಉದ್ದಕ್ಕೂ ಅಲ್ಲಿನ ಕ್ರೈಸ್ತರು ತಮ್ಮ ವಿಶ್ವಾಸದೊಂದಿಗೆ ಬಾಳಿದರು. ಮೊಹರಮ್ಮಿಗೆ ಹೆಸರಾದ ಊರಿನಲ್ಲೇ ಆ ಚರ್ಚಿನ ಗಂಟೆಯೂ ಕೇಳುತ್ತದೆ. ಆದರೆ ನಗರದ ಬಡತನಕ್ಕೆ ಸಂಘಟಿತವಾಗಿ ಕೈಹಚ್ಚಿದ ಚರ್ಚುಗಳ ಕಥೆಯನ್ನು ತಿಳಿಯಲು ಮಂಗಳೂರು, ಮೈಸೂರು, ಬೆಂಗಳೂರುಗಳತ್ತ ನೋಡಬೇಕು.

ಕನ್ನಡ ಬಿ.ಎ. ಓದಿದವರಿಗೆ ಬಾಸೆಲ್ ಮಿಷನ್ ಎಂದರೆ ನೆನಪಾಗುವುದು 1843ರ 'ಮಂಗಳೂರ ಸಮಾಚಾರ' ಪತ್ರಿಕೆ ಮತ್ತು 1894ರ ಕಿಟೆಲ್ ನಿಘಂಟು. ಅದೇ ಮಿಷನ್ನಿನ ಇನ್ನೊಂದು ಮುಖ ಪರೀಕ್ಷೆಗೆ ಬರುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಆ ಪಾದ್ರಿಗಳು ಬೇಗನೇ ಒಂದು ಸಮಸ್ಯೆಯನ್ನು ಎದುರಿಸಿದರು. ಕ್ರೈಸ್ತರಾದವರು ತಮ್ಮ ಜಾತಿಯ ಕಸುಬನ್ನೂ ಆಸರೆಯನ್ನೂ ಕಳೆದುಕೊಂಡು ಬೀದಿಗೆ ಬೀಳುತ್ತಿದ್ದರು. ಅವರಿಗೆ ದಿನವೂ ಅನ್ನ ಹಾಕುತ್ತ ಕೂರುವ ಬದಲು ಮಿಷನ್ ಕೆಲಸ ಕೊಡುವ ದಾರಿ ಹಿಡಿಯಿತು. ಮುದ್ರಣಾಲಯ ಬಂತು, ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಎಂಬ ಹೆಸರು ದೇಶ ವಿದೇಶಗಳಿಗೆ ಹೋದದ್ದು ಹಾಗೆ. ಬೇಡುವ ಕೈಗೆ ಕೊಡಲಿ ಹಿಡಿಸಿ ಸೌದೆ ಮಾರಿ ಬದುಕಲು ಕಲಿಸಿದ ಪ್ರವಾದಿಯವರ(ಸ) ಘಟನೆ ಬಲ್ಲ ನಮಗೆ ಈ ದಾರಿ ಅಪರಿಚಿತವಾಗಿ ಕಾಣಬೇಕಾಗಿಲ್ಲ.

ಅದೇ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಮೂಲದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ತೆರೆದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಆ ಔಷಧದ ಪೆಟ್ಟಿಗೆಯಿಂದ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿ ಮೆಥೊಡಿಸ್ಟ್ ಮಿಷನ್ 1906ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ಆಸ್ಪತ್ರೆಯೊಂದನ್ನು ತೆರೆಯಿತು. ಅದರ ಹೆಸರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಪರದೆಯಲ್ಲಿ ಬಾಳಿದ ಆ ಕಾಲದ ನಮ್ಮ ತಾಯಂದಿರಿಗೆ ಮನೆಯ ಹತ್ತಿರದಲ್ಲೇ ಹೆಂಗಸರಿಗೆಂದೇ ಒಂದು ಆಸ್ಪತ್ರೆ ಇರುವುದು ಎಂಥ ಆಸರೆಯಾಗಿದ್ದಿರಬೇಕು ಎಂಬುದನ್ನು ಊಹಿಸಬಹುದು.

ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ತೆರೆದರು. 1898ರಲ್ಲಿ ಪ್ಲೇಗ್ ನಗರಕ್ಕೆ ಬರುವಾಗ ಅದು ಅಲ್ಲಿತ್ತು. 'ಬಡವರ ಪುಟ್ಟ ಸಹೋದರಿಯರು' ಎಂಬ ಫ್ರಾನ್ಸ್ ಮೂಲದ ಕನ್ಯಾಸ್ತ್ರೀಯರು ಹೊಸೂರು ರಸ್ತೆಯಲ್ಲಿ ನಿರ್ಗತಿಕ ವೃದ್ಧರಿಗಾಗಿ ಮನೆಯೊಂದನ್ನು ನಡೆಸುತ್ತಿದ್ದಾರೆ. ಅವರ ಪದ್ಧತಿ ಗಮನಾರ್ಹ. ತಮ್ಮ ಆಶ್ರಯದಲ್ಲಿರುವ ವೃದ್ಧರಿಗಾಗಿ ಅವರೇ ಜನರ ಬಳಿಗೆ ಹೋಗಿ ಕೈಚಾಚುತ್ತಾರೆ. ಮುದುಕರು ಬೇಡಬಾರದೆಂದು ತಾವು ಬೇಡುತ್ತಾರೆ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ 1970ರ ದಶಕದ ಕೊನೆಯಿಂದ ಕುಷ್ಠರೋಗದಿಂದ ಬಳಲಿದವರಿಗೆ ಚಿಕಿತ್ಸೆಯ ಜೊತೆಗೆ ಕೈಕಸುಬನ್ನೂ ಕಲಿಸಲಾಗುತ್ತಿದೆ. 1980ರಲ್ಲಿ ಸಲೇಶಿಯನ್ ಪಾದ್ರಿಗಳ ಸಭೆಯಿಂದ ಹುಟ್ಟಿದ 'ಬೆಂಗಳೂರು ಓಣಿಯವರ ಸೇವಾ ಕೂಟ', ಅಂದರೆ ಬಾಸ್ಕೊ, ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣಗಳಲ್ಲಿ ಮನೆಬಿಟ್ಟು ಬಂದ ಮಕ್ಕಳನ್ನು ಹುಡುಕಿ ಮಾತನಾಡಿಸುತ್ತದೆ. ನಮ್ಮ ಭಾಗದ ರೈಲು, ಬಸ್ಸುಗಳು ಹೋಗಿ ನಿಲ್ಲುವುದೂ ಅಂಥ ನಿಲ್ದಾಣಗಳಲ್ಲೇ.

ಈ ಸೇವೆಯ ಬಲ ಎಲ್ಲಿದೆ? ನಮ್ಮಲ್ಲಿ ಅನೇಕರು, "ಅವರಿಗೆ ವಿದೇಶದಿಂದ ಹಣ ಬರುತ್ತದೆ" ಎಂದು ಮಾತು ಮುಗಿಸುತ್ತಾರೆ. ಹಣ ಬಂದಿರುವುದು ನಿಜವೇ. ಆದರೆ ಹಣವೊಂದೇ ಇದನ್ನು ಮಾಡಲಾರದು ಎಂಬುದಕ್ಕೆ ಪ್ಯಾರಿಸ್ಸಿನ ಒಂದು ಘಟನೆ ಸಾಕ್ಷಿ. 1833ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡರಿಕ್ ಓಝನಾಂಗೆ ಚರ್ಚೆಯೊಂದರಲ್ಲಿ ಎದುರಾಳಿಗಳು ಸವಾಲು ಹಾಕಿದರು: ನಿಮ್ಮ ಚರ್ಚ್ ಹಿಂದೆ ಒಳ್ಳೆಯದನ್ನು ಮಾಡಿರಬಹುದು, ಇಂದು ಪ್ಯಾರಿಸ್ಸಿನ ಬಡವರಿಗೆ ಏನು ಮಾಡುತ್ತಿದೆ? ಇಪ್ಪತ್ತು ವರ್ಷದ ಆ ಯುವಕ ವಾದ ಬೆಳೆಸಲಿಲ್ಲ. ಗೆಳೆಯರನ್ನು ಕೂಡಿಸಿ ಬಡವರ ಮನೆಗಳಿಗೆ ಸೌದೆ, ರೊಟ್ಟಿ ಒಯ್ಯಲು ಶುರುಮಾಡಿದ. ಆ ಬಡಾವಣೆಯ ಪ್ರತಿ ಮನೆಯನ್ನೂ ಬಲ್ಲ ರೊಸಾಲಿ ರಾಂದು ಎಂಬ ಕನ್ಯಾಸ್ತ್ರೀ ಅವರಿಗೆ ದಾರಿ ತೋರಿಸಿದರು. ಹೀಗೆ ಹುಟ್ಟಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇಂದು ಕರ್ನಾಟಕದ ಅನೇಕ ಚರ್ಚುಗಳಲ್ಲೂ ಇದೆ. ಅದರ ಮುಖ್ಯ ನಿಯಮ ಸರಳವಾದದ್ದು. ಬಡವನನ್ನು ಕರೆಸಿಕೊಳ್ಳಬಾರದು, ಅವನ ಮನೆಗೆ ನಾವೇ ಹೋಗಬೇಕು. ಒಂದು ಸಲವಲ್ಲ, ಮತ್ತೆ ಮತ್ತೆ.

ಇಂಥ ಕೆಲಸಕ್ಕೆ ವಿದೇಶದ ಹಣ ಬೇಕಾಗಿಲ್ಲ. ಇದಕ್ಕೆ ಬೇಕಾದದ್ದು ಬಡವನ ಮನೆಯ ವಿಳಾಸ, ಒಂದು ದಫ್ತರು ಮತ್ತು ಮುಂದಿನ ತಿಂಗಳೂ ತಪ್ಪದೆ ಹೋಗುವ ಒಬ್ಬ ಮನುಷ್ಯ. ಆಸ್ಪತ್ರೆಯ ಕನ್ಯಾಸ್ತ್ರೀಯ ಬಳಿ ಇದ್ದದ್ದು ಇವೇ ಮೂರು.

ಚರ್ಚುಗಳ ಕೆಲಸದಲ್ಲಿ ಎಲ್ಲವೂ ಪ್ರಶ್ನಾತೀತ ಎಂದು ನಾನು ಹೇಳುತ್ತಿಲ್ಲ. ಮಿಷನ್ನುಗಳು ಬಂದದ್ದು ಕಂಪನಿ ಸರಕಾರದ ನೆರಳಿನಲ್ಲಿ. ಸೇವೆ ಮತ್ತು ಮತಪ್ರಚಾರ ಅವರಲ್ಲಿ ಅನೇಕರಿಗೆ ಬೇರೆ ಬೇರೆಯಾಗಿರಲಿಲ್ಲ. ಹಾಗೆಂದು ಅವರು ಮುಚ್ಚಿಟ್ಟವರೂ ಅಲ್ಲ. ಬಡವರಿಗೆಂದು ಹುಟ್ಟಿದ ಕೆಲವು ಶಾಲೆ, ಆಸ್ಪತ್ರೆಗಳ ಶುಲ್ಕ ಇಂದು ಬಡವರಿಗೆ ಎಟುಕುವುದಿಲ್ಲ ಎಂಬ ದೂರು ಕ್ರೈಸ್ತರೊಳಗೇ ಇದೆ. ಚರ್ಚಿಗೆ ಹೋದ ಮೇಲೂ ಜಾತಿ ಬಿಡಲಿಲ್ಲ ಎಂದು ದಲಿತ ಕ್ರೈಸ್ತರು ಹೇಳುತ್ತಲೇ ಬಂದಿದ್ದಾರೆ.

ಆದರೆ ಸಹಾಯವನ್ನು ಮತಾಂತರದ ಮೆಟ್ಟಿಲು ಮಾಡಬಾರದು ಎಂಬ ಪಾಠ ಅವರಿಗಿಂತ ಮೊದಲು ನಮಗೇ ಬಂದಿದೆ. ವಿಶ್ವಾಸಿಗಳಲ್ಲದ ಬಂಧುಗಳಿಗೆ ಕೊಡಲು ಕೆಲವರು ಹಿಂಜರಿದಾಗ, ಅವರನ್ನು ಸನ್ಮಾರ್ಗಕ್ಕೆ ತರುವ ಹೊಣೆ ಪ್ರವಾದಿಯವರದ್ದಲ್ಲ(ಸ), ಕೊಟ್ಟ ಒಳಿತು ಕೊಟ್ಟವರಿಗೇ ಮರಳುತ್ತದೆ ಎಂಬ ಅರ್ಥದ ವಚನ (2:272) ಅವತೀರ್ಣವಾಯಿತೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಕೊಟ್ಟದ್ದನ್ನು ಎತ್ತಿ ಹೇಳಿ ಬಡವನ ಮನ ನೋಯಿಸಿದರೆ ಆ ದಾನವೇ ವ್ಯರ್ಥ ಎಂಬ ಎಚ್ಚರಿಕೆ (2:264) ಅದೇ ಅಲ್ ಬಕರ ಅಧ್ಯಾಯದಲ್ಲಿದೆ. ಕಿಟ್ ಕೊಡುವಾಗ ವಿಧವೆಯೊಬ್ಬಳನ್ನು ನಿಲ್ಲಿಸಿ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚುವ ನಮ್ಮ ಇಂದಿನ ರೂಢಿ ಈ ವಚನದ ಮುಂದೆ ನಿಲ್ಲಲಾರದು.

ನಮ್ಮ ಸಮುದಾಯ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ರಮಝಾನ್ ತಿಂಗಳಲ್ಲಿ ಚಿಕ್ಕ ಅಂಗಡಿಯವನೂ ಲೆಕ್ಕ ಹಾಕಿ ಝಕಾತ್ ತೆಗೆಯುತ್ತಾನೆ. 2020ರ ಕೊರೋನಾ ಕಾಲದಲ್ಲಿ ಬೆಂಗಳೂರಿನ ಹಲವು ಮುಸ್ಲಿಂ ಸಂಘಟನೆಗಳು 'ಮರ್ಸಿ ಮಿಷನ್' ಹೆಸರಿನಲ್ಲಿ ಒಂದಾಗಿ ದುಡಿದವು, ಎಲ್ಲ ಧರ್ಮದವರ ಅಂತ್ಯಸಂಸ್ಕಾರಕ್ಕೂ ಹೆಗಲು ಕೊಟ್ಟವು. ಒಂದಾದರೆ ನಾವು ಏನು ಮಾಡಬಲ್ಲೆವು ಎಂಬುದಕ್ಕೆ ಅದು ಸಾಕ್ಷಿ. ಕೊರತೆ ಇರುವುದು ಬೇರೆ ಕಡೆ. ನಮ್ಮ ದಾನ ರಮಝಾನಿನಲ್ಲಿ ಹೊಳೆಯಾಗಿ ಹರಿದು ಶವ್ವಾಲಿನಲ್ಲಿ ಬತ್ತುತ್ತದೆ. ಬಾಗಿಲಿಗೆ ಬಂದವರಿಗೆ ಸಿಗುತ್ತದೆ. ಬೇಡಲು ನಾಚುವವರು, ಹಾಸಿಗೆ ಹಿಡಿದವರು, ಗುಳೆ ಹೋದವರು ಹೊರಗುಳಿಯುತ್ತಾರೆ. ಸೊಂಟ ಮುರಿದ ಆ ಗಾರೆ ಕೆಲಸದವರ ಮನೆಗೆ ಆ ವರ್ಷ ನಾಲ್ಕು ಕಡೆಯಿಂದ ಸೀರೆ ಬಂದವು. ಮಾತ್ರೆಗೆ ಹಣ ಎಲ್ಲಿಂದಲೂ ಬರಲಿಲ್ಲ. ಕೊಟ್ಟ ನಾಲ್ವರಲ್ಲಿ ಯಾರಿಗೂ ಉಳಿದ ಮೂವರು ಏನು ಕೊಟ್ಟರೆಂಬುದು ತಿಳಿದಿರಲಿಲ್ಲ.

ಝಕಾತಿನ ಮೂಲ ಸ್ವರೂಪ ಹೀಗಿರಲಿಲ್ಲ. ಅದರ ಹಕ್ಕುದಾರರ ಎಂಟು ವರ್ಗಗಳನ್ನು ಹೇಳುವ ಅತ್ತೌಬ ಅಧ್ಯಾಯದ ವಚನದಲ್ಲಿ (9:60) ಬಡವರು ಮತ್ತು ನಿರ್ಗತಿಕರ ನಂತರ ಮೂರನೆಯದಾಗಿ ಬರುವವರು ಅದನ್ನು ಸಂಗ್ರಹಿಸಿ ಹಂಚುವ ಕೆಲಸಗಾರರು. ಈ ಕೆಲಸಕ್ಕೆ ಸಂಬಳ ಪಡೆಯುವ ಜನ ಬೇಕೆಂದು ಕುರ್‌ಆನೇ ಹೇಳಿದೆ ಎಂದಾಯಿತು. ಸಂಬಳದ ಕೆಲಸಗಾರ ಎಂದರೆ ಲೆಕ್ಕ, ಪಟ್ಟಿ, ವರ್ಷವಿಡೀ ನಡೆಯುವ ಜವಾಬ್ದಾರಿ. ಚರ್ಚುಗಳಲ್ಲಿ ನಾವು ಕಂಡು ಬೆರಗಾಗುವ ವ್ಯವಸ್ಥೆ ನಮ್ಮ ವಿಧಿಯೊಳಗೇ ಇದೆ.

ಹಝ್ರತ್ ಉಮರ್(ರ) ಅದನ್ನು ಬದುಕಿ ತೋರಿಸಿದರು. ರಾತ್ರಿ ಗಸ್ತಿನಲ್ಲಿ ಹಸಿದ ಮಕ್ಕಳ ಅಳು ಕೇಳಿ ಹಿಟ್ಟಿನ ಮೂಟೆಯನ್ನು ತಮ್ಮ ಬೆನ್ನ ಮೇಲೆ ಹೊತ್ತು ತಂದ ಘಟನೆಯನ್ನು ನಮ್ಮ ಮಕ್ಕಳೂ ಬಲ್ಲರು. ಇನ್ನೆರಡು ಘಟನೆಗಳನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಬೇಡುತ್ತಿದ್ದ ಕುರುಡ ಯಹೂದಿ ವೃದ್ಧನನ್ನು ಕಂಡು ಅವರು ಮನೆಗೆ ಕರೆದೊಯ್ದು ಕೈಲಾದದ್ದನ್ನು ಕೊಟ್ಟರು, ನಂತರ ಬೈತುಲ್ ಮಾಲ್‌ನಿಂದ ಅವನಿಗೂ ಅವನಂಥವರಿಗೂ ನೆರವು ಗೊತ್ತುಮಾಡಿಸಿದರು. ಯೌವನದಲ್ಲಿ ಅವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲ ಎಂಬುದು ಅವರ ನಿಲುವು. ಇದನ್ನು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ಸಿರಿಯಾದ ಜಾಬಿಯಕ್ಕೆ ಹೋಗುವ ದಾರಿಯಲ್ಲಿ ಕುಷ್ಠರೋಗದಿಂದ ಬಳಲುತ್ತಿದ್ದ ಕ್ರೈಸ್ತರನ್ನು ಕಂಡಾಗ ಅವರಿಗೆ ಸದಕಾದಿಂದ ಕೊಡಲು, ಆಹಾರ ಗೊತ್ತುಮಾಡಲು ಆಜ್ಞಾಪಿಸಿದರೆಂದು ಇತಿಹಾಸಕಾರ ಬಲಾದುರಿ ಬರೆದಿದ್ದಾರೆ. ಕಂಕನಾಡಿ, ಸುಮನಹಳ್ಳಿಗಳಿಗಿಂತ ಎಷ್ಟೋ ಶತಮಾನ ಹಿಂದಿನ ಮಾತಿದು. ಅಂದು ಕ್ರೈಸ್ತ ಕುಷ್ಠರೋಗಿಗಳಿಗೆ ಅನ್ನ ಗೊತ್ತುಮಾಡಿದ ಪರಂಪರೆಯವರು ಇಂದು ತಮ್ಮವರ ಗಾಯವನ್ನು ಕ್ರೈಸ್ತರು ತೊಳೆದರೆಂದು ಮುನಿಸಿಕೊಳ್ಳುವುದು ತರವಲ್ಲ.

ಸಂಪತ್ತಿನ ಕೊರತೆ ನಮಗಿದೆಯೇ? 2006ರ ಸಾಚಾರ್ ವರದಿಯ ಪ್ರಕಾರ ದೇಶದಲ್ಲಿ ನೋಂದಾಯಿತ ವಕ್ಫ್ ಆಸ್ತಿಗಳು ಸುಮಾರು 4.9 ಲಕ್ಷ. ಅವುಗಳ ಮೌಲ್ಯವನ್ನು ಅದು 1.2 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಅವುಗಳಿಂದ ಬರುತ್ತಿದ್ದ ವಾರ್ಷಿಕ ಆದಾಯ ಸುಮಾರು 163 ಕೋಟಿ. ಸರಿಯಾಗಿ ನಿರ್ವಹಿಸಿದರೆ 12,000 ಕೋಟಿ ಬರಬಹುದು ಎಂದೂ ವರದಿ ಹೇಳಿತ್ತು. ನಮ್ಮ ಹಿರಿಯರು ಅಲ್ಲಾಹನ ಹೆಸರಿನಲ್ಲಿ ಬಿಟ್ಟುಹೋದ ಭೂಮಿ ಎಷ್ಟೋ ಆಸ್ಪತ್ರೆಗಳನ್ನು ನಡೆಸಬಹುದಿತ್ತು. ವಕ್ಫ್ ಆಡಳಿತವನ್ನು ಸರಿಪಡಿಸುವುದು ಈ ಮೂರು ತಾಲೂಕಿನವರ ಕೈಯಲ್ಲಷ್ಟೇ ಇಲ್ಲ. ಆದರೆ ನಮ್ಮ ಓಣಿಯ ದಫ್ತರು ನಮ್ಮ ಕೈಯಲ್ಲಿದೆ.

ಪ್ರತಿ ಜಮಾಅತ್ ತನ್ನ ಮೊಹಲ್ಲಾದ ವಿಧವೆಯರು, ದೀರ್ಘಕಾಲದ ರೋಗಿಗಳು, ಗುಳೆ ಹೋದ ಕುಟುಂಬಗಳು, ಅಜ್ಜಿಯ ಬಳಿ ಉಳಿದ ಅವರ ಮಕ್ಕಳು, ಇಷ್ಟನ್ನು ಒಂದು ದಫ್ತರಿನಲ್ಲಿ ಬರೆಯಲಿ. ಬೆಂಗಳೂರಿನಲ್ಲಿ ಅವರು ಯಾವ ಜಾಗದಲ್ಲಿದ್ದಾರೆ, ಫೋನ್ ಸಂಖ್ಯೆ ಯಾವುದು ಎಂಬುದೂ ಅದರಲ್ಲಿರಲಿ. ಇಬ್ಬಿಬ್ಬರಂತೆ ಹೋಗಿ ತಿಂಗಳಿಗೊಮ್ಮೆ ಆ ಮನೆಗಳನ್ನು ವಿಚಾರಿಸಲಿ. ಹೆಣ್ಣುಮಕ್ಕಳೇ ಇರುವ ಮನೆಗೆ ಹೆಣ್ಣುಮಕ್ಕಳು ಹೋಗಲಿ. ಓದಿದ ಯುವಕನೊಬ್ಬನಿಗೆ ಝಕಾತಿನ ಕೆಲಸಗಾರನ ಪಾಲಿನಿಂದಲೇ ಸಂಬಳ ಕೊಟ್ಟು ನೇಮಿಸಿಕೊಳ್ಳಲಿ. ಗುಳೆ ಹೊರಡುವ ಮುಂಚೆ ಪ್ರತಿ ಕುಟುಂಬದ ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಮಿಕ ಕಾರ್ಡ್ ಸರಿಯಿವೆಯೇ ಎಂದು ನೋಡುವುದು ಅವನ ಕೆಲಸವಾಗಲಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಆ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತವಾದಾಗ, ಮಕ್ಕಳ ಓದಿಗೆ, ಹೆರಿಗೆಗೆ ಅಲ್ಲಿಂದ ನೆರವು ಸಿಗುತ್ತದೆ. ಕಾರ್ಡಿಲ್ಲದ ಒಂದೇ ಕಾರಣಕ್ಕೆ ಅದನ್ನು ಕಳೆದುಕೊಳ್ಳುವವರು ನಮ್ಮಲ್ಲಿ ಬಹಳ.

ಆ ದಫ್ತರಿನಲ್ಲಿ ನೆರೆಯ ಮುಸ್ಲಿಮೇತರ ಬಡವನ ಹೆಸರೂ ಇರಲಿ. ಸದಕಾದಲ್ಲಿ ಅವನಿಗೂ ಪಾಲಿದೆ. ಒಳ್ಳೆಯ ಕೆಲಸ ಮಾಡುತ್ತಿರುವ ಚರ್ಚಿನವರು, ಮಠದವರು ಸಿಕ್ಕರೆ ಅವರೊಂದಿಗೆ ಕೂತು ಮಾತಾಡೋಣ. ಪ್ರವಾದಿತ್ವ ಲಭಿಸುವ ಮುನ್ನ ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವರ ಪರ ನಿಲ್ಲಲು ನಡೆದ 'ಹಿಲ್ಫುಲ್ ಫುದೂಲ್' ಒಪ್ಪಂದದಲ್ಲಿ ಪ್ರವಾದಿ(ಸ) ಭಾಗವಹಿಸಿದ್ದರು. ಇಸ್ಲಾಮ್ ಬಂದ ನಂತರವೂ ಅಂಥ ಒಪ್ಪಂದಕ್ಕೆ ಕರೆದರೆ ಹೋಗುವೆನೆಂದು ಅವರು ಹೇಳಿದ್ದರು. ಅನುಮತಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕೇ?

ಅಲ್ಲಾಹನಿಗೆ ಹೆಚ್ಚು ಪ್ರಿಯವಾದ ಕರ್ಮ ಅಲ್ಪವಾದರೂ ನಿರಂತರವಾಗಿ ನಡೆಯುವ ಕರ್ಮ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಐದು ಮನೆ, ಇಬ್ಬರು ಮನುಷ್ಯರು, ತಿಂಗಳಿಗೊಮ್ಮೆ: ಇಷ್ಟರಿಂದ ಆರಂಭಿಸಬಹುದು. ರಮಝಾನ್ ಬರುವವರೆಗೆ ಕಾಯಬೇಕಾಗಿಲ್ಲ. ಬರುವ ಶುಕ್ರವಾರ ಜುಮುಅದ ನಂತರ ಹತ್ತು ನಿಮಿಷ ಕೂತರೆ ಐದು ಹೆಸರು ಬರೆಯುವುದು ಕಷ್ಟವಲ್ಲ. ಬಡವರು ನಮ್ಮ ಬಾಗಿಲಿಗೆ ಬರುವ ಮೊದಲು ನಾವೇ ಅವರ ಬಾಗಿಲಿಗೆ ಹೋಗುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ನಮ್ಮವರ ಕಷ್ಟಕ್ಕೆ ಕೈಕೊಟ್ಟ ಎಲ್ಲ ಧರ್ಮದವರಿಗೂ ಒಳಿತನ್ನು ಕರುಣಿಸಲಿ. ಆಮೀನ್.